ತಿಮ್ಮಣ್ಣನ ಜರಿಗಿಡದ ಬನ

ಕುಷ್ಟಗಿಯ ಬಿಸಿಲಿನಲ್ಲಿ ಜಾಲಿ ತಾನಾಗಿ ಬೆಳೆಯುತ್ತದೆ. ಜರಿಗಿಡ ಬೆಳೆಸಲು ಮಾತ್ರ ತಿಮ್ಮಣ್ಣನೇ ಹುಟ್ಟಿಬರಬೇಕಾಯಿತು. (ಇದು ತಿಮ್ಮಣ್ಣನದೇ ಮಾತು.) ಅಂಜನಾದ್ರಿಗೆ ಹೋದವನು ಆನೆಗೊಂದಿಯ ಬಂಡೆಗಳ ಸಂದಿಯಿಂದ ಗಿಡ ಎಬ್ಬಿಸಿ, ಒದ್ದೆ ರುಮಾಲಿನಲ್ಲಿ ಸುತ್ತಿ ತಂದಿದ್ದ. ಹಿತ್ತಿಲ ಬೇವಿನ ನೆರಳಲ್ಲಿ ಕಲ್ಲು ಜೋಡಿಸಿ, ಬಚ್ಚಲ ನೀರು ತಿರುಗಿಸಿ ಸಾಕಿದ. ಊರೆಲ್ಲ ಒಣಗಿದಾಗಲೂ ಅವು ಹಸಿರೋ ಹಸಿರು! ನಿಜಾಮ ಸರಕಾರದ ಅಮೀನ ಸಾಹೇಬರೇ ನೋಡಿ "ಶಾಬಾಸ್" ಎಂದಿದ್ದರು (ಅವರು ಬಂದದ್ದು ಕಳ್ಳನನ್ನು ಹುಡುಕಲು, ಅದು ಬೇರೆ ಮಾತು).

"ಹೂ ಬಿಡೂದಿಲ್ಲ, ಕಾಯಿ ಬಿಡೂದಿಲ್ಲ, ದನಾ ಸೈತ ಮೂಸೂದಿಲ್ಲ. ಯಾತಕ್ಕ ಬೇಕ್ರಿ ಇದು?" ಎಂದು ಹೆಂಡತಿ ಪಾರ್ವತೆಮ್ಮ ದಿನಾ ಕೇಳುವಳು.

"ಚಂದಕ್ಕ! ಬೀಗರು ಬರ್ಲಿ ತಡಿ. ಹುಡುಗಿ ಅಪ್ಪ ಎಂಥಾಂವ ಅಂತ ತಿಳೀತೈತಿ."

ಮಗಳು ಹುಲಿಗವ್ವನನ್ನು ನೋಡಲು ವರನ ತಾಯಿ ಗಾಳೆಮ್ಮ ಆನೆಗೊಂದಿಯಿಂದ ಬಂಡಿ ಕಟ್ಟಿಸಿಕೊಂಡು ಬಂದಾಗ ಕತ್ತಲಾಗಿತ್ತು. ಒಪ್ಪಿಗೆಯ ಮಾತು ಮರುದಿನಕ್ಕೆ ಉಳಿಯಿತು. ಬೆಳಿಗ್ಗೆ ತಿಮ್ಮಣ್ಣ ಎಲೆ ಅಡಿಕೆ ತರಲು ಹೋದವನು, ಬನ ತೋರಿಸುವಾಗ ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಲೇ ಮನೆಗೆ ಬಂದ.

ನೋಡಿದರೆ, ಬನವೆಲ್ಲ ತಿಪ್ಪೆಯಲ್ಲಿ! ಮೇಲೆ ಸಗಣಿ ಬೇರೆ. ಗಾಳೆಮ್ಮ ಸೆರಗು ಸಿಗಿಸಿಕೊಂಡು ನಿಂತಿದ್ದಳು.

"ನೋಡ್ರಿ ಅಣ್ಣಾ, ಹಿತ್ತಲಾ ಹೆಂಗ ಹಸನ ಆತು! ಪಾರ್ವತೆಕ್ಕ ಬ್ಯಾಡ ಬ್ಯಾಡ ಅಂದ್ರು. ಬೀಗರಾಗೋರ ಮುಂದ ಎಂಥಾ ನಾಚ್ಕಿ ಅಂತ ನಾನ ಬಿಡಲಿಲ್ಲ. ಈ ಪೀಡಾ ನಮ್ಮ ಬಾವ್ಯಾಗೂ ಐತ್ರಿ, ವರ್ಷಾ ಬಂಡಿಗಟ್ಟಲೆ ಕಿತ್ತು ಒಗಿತೀವಿ."

ತಿಮ್ಮಣ್ಣ ಬೈಯಲು ಬಾಯಿ ತೆರೆದ. ಆದರೆ ಹುಲಿಗವ್ವ ಬಾಗಿಲ ಸಂದಿಯಿಂದ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಒಂದು ಮಾತು ಜೋರಾದರೂ ಸಂಬಂಧ ಮುರಿದಂತೆಯೇ. ಸಿಟ್ಟು ನುಂಗಿ "ಭಾಳ ಛಲೋ ಆತ್ರಿ" ಎಂದ. ಅಷ್ಟಕ್ಕೇ ಸುಮ್ಮನಿದ್ದರಾಗುತ್ತಿತ್ತು. "ಆದ್ರ ಬಾವ್ಯಾನವು ಒಗೀಬ್ಯಾಡ್ರಿ!" ಎಂದು ಬಾಯಿ ಜಾರಿತು.

ಗಾಳೆಮ್ಮ ಹುಬ್ಬು ಗಂಟಿಕ್ಕಿದಳು. ಪಾರ್ವತೆಮ್ಮ ಥಟ್ಟನೆ ನಡುವೆ ಬಂದಳು: "ಅಂದ್ರ, ನೀವ್ಯಾಕ ದಣೀತೀರಿ ಅಂತಾರ್ರಿ. ಕಳೆ ಕೀಳೂದ್ರಾಗ ಇವರಿಗೆ ಸಾಟಿ ಯಾರೂ ಇಲ್ಲ. ಕರೀರಿ, ಬಂದು ಬಾವಿ ಹಸನ ಮಾಡಿ ಕೊಡ್ತಾರ."

"ಇಂಥಾ ಬೀಗರು ಎಲ್ಲಿ ಸಿಗ್ತಾರವ್ವಾ! ಹುಡುಗಿ ನಮ್ಮಾಕಿ ಆದ್ಲು ತಗೋರಿ."

ಮುಂದಿನ ವಾರ ತಿಮ್ಮಣ್ಣ ನಡುವಿಗೆ ಹಗ್ಗ ಬಿಗಿದುಕೊಂಡು ಬೀಗರ ಬಾವಿಯಲ್ಲಿ ತೂಗಾಡುತ್ತಿದ್ದ. ಒಂದೊಂದು ಗಿಡವನ್ನೂ ಮೆಲ್ಲಗೆ ಬಿಡಿಸಿ ಒದ್ದೆ ಗೋಣಿಯಲ್ಲಿಡುತ್ತಿದ್ದ. ಮೇಲೆ ಗಾಳೆಮ್ಮ ಓಣಿಯವರನ್ನೆಲ್ಲ ಕೂಡಿಸಿ ಹೆಮ್ಮೆಯಿಂದ ತೋರಿಸುತ್ತಿದ್ದಳು:

"ನಮ್ಮ ಬೀಗರು ನೋಡ್ರಿ! ಒಂದ ಎಲಿ ಹರೀದಂಗ, ಬೇರು ಸೈತ ಹೆಂಗ ಕೀಳ್ತಾರ! ಅವಸರ ಮಾಡಬ್ಯಾಡ್ರಿ, ನಾಳಿಂದ ನಿಮ್ಮ ಬಾವಿಗೂ ಕಳಸ್ತೀನಿ."