ಒಪ್ಪಿಗೆಯಾಗದ ನನ್ನ ವಯಸ್ಸು

೧೯೫೩ನೆಯ ಇಸವಿ. ನನಗಾಗ ನಲವತ್ತೈದು ವರ್ಷ. ಈ ಎರಡು ವಾಕ್ಯಗಳಲ್ಲಿ ಮೊದಲನೆಯದಕ್ಕೆ ಮಾತ್ರ ಆಧಾರವಿತ್ತೆಂಬುದು ಜೀವವಿಮೆ ಇಳಿಸಿದ ಮೇಲೆ ತಿಳಿಯಿತು.

ಹದಿನೆಂಟು ವರ್ಷ ವಳಸಂಗದ ಶಾಲೆಯಲ್ಲಿ ಕಲಿಸಿ, ತಂದೆಯ ನಂತರ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದ ನಾನು, ಅರ್ಥವಾಗದ ಶಬ್ದವನ್ನು ಮನೆಯಲ್ಲಿ ಇಟ್ಟುಕೊಳ್ಳುವವನಲ್ಲ. ಪಾಲಿಸಿ ಕೈಸೇರಿದ ದಿನವೇ ನೋಟುಬುಕ್ಕಿನಲ್ಲಿ ನಡುಗೆರೆ ಎಳೆದು ಅರ್ಥ ಬರೆಯತೊಡಗಿದೆ. ಪ್ರೀಮಿಯಂ ಎಂದರೆ ತಪ್ಪದೆ ಕಟ್ಟಬೇಕಾದ ಕಂತು. ಲ್ಯಾಪ್ಸ್ ಎಂದರೆ ಕಂತು ತಪ್ಪಿದ್ದರಿಂದ ಪಾಲಿಸಿ ನಿಂತುಹೋಗುವುದು. ನಾಮಿನಿ ಎಂದರೆ ನಮ್ಮ ನಂತರ ಹಣ ಪಡೆಯಲು ನಾವು ಹೆಸರಿಸಿದವರು, ನನ್ನ ಪಾಲಿಗೆ ಹೆಂಡತಿ ಗೌರವ್ವ. ಕೊನೆಯಲ್ಲಿ ‘ಏಜ್ ನಾಟ್ ಅಡ್ಮಿಟೆಡ್’ ಎಂದಿತ್ತು. ‘ವಯಸ್ಸನ್ನು ಒಪ್ಪಿಲ್ಲ’ ಎಂದು ಬರೆದುಕೊಂಡೆನಾದರೂ, ಏಕೆ ಒಪ್ಪಿಲ್ಲವೆಂಬುದು ತಿಳಿಯಲಿಲ್ಲ. ಜತ್ತದಿಂದ ಬಂದ ಏಜೆಂಟರು ಚಹಾ ಕುಡಿಯುತ್ತ ಬಿಡಿಸಿ ಹೇಳಿದರು.

“ನೀವು ಹುಟ್ಟೀರಿ ಅನ್ನೂದು ಕಂಪನಿ ಒಪ್ಪ್ಯಾದ್ರಿ, ಗುರುಗಳ. ಯಾವಾಗ ಹುಟ್ಟೀರಿ ಅನ್ನೂದಕ್ಕ ದಾಖಲಾ ಬೇಕಂತ.”

ದಾಖಲೆ ಕೊಡದೆ ನಾನು ಸತ್ತರೆ, ಹಣ ಬರುವ ಮೊದಲು ಗೌರವ್ವನೇ ನನ್ನ ವಯಸ್ಸನ್ನು ಸಾಬೀತುಪಡಿಸಬೇಕಂತೆ. ಒಳಗಿನಿಂದ ಅವಳು ಕೇಳಿಸಿಕೊಂಡಳು. “ಇಷ್ಟು ವರ್ಷ ಇವರು ನನ್ನ ಒಂದ ಮಾತೂ ಖರೇ ಅನ್ನಲಿಲ್ಲರಿ. ನಾಳೆ ನಾ ಇವರ ವಯಸ್ಸು ಹೇಳಿದ್ರ ಕಂಪನಿಯವರು ಖರೇ ಅಂತಾರೇನ್ರಿ?” ಎಂದು ಏಜೆಂಟರನ್ನು ಕೇಳಿದಳು. ಅವರು ಚಹಾ ಮುಗಿಸಿ ಎದ್ದರು.

ತಾಯಿಯನ್ನು ವಿಚಾರಿಸಿದೆ. ನಾನು ಹುಟ್ಟಿದಾಗ ಬಿಳಿಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತೆಂದಳು. ಯಾವ ವರ್ಷದ ಜೋಳವೆಂದು ಹೇಳಲಿಲ್ಲ. ಉಳಿದದ್ದು ನಾನು ಕಲಿತ ಸೋನ್ಯಾಳದ ಶಾಲೆ. ಅಲ್ಲಿಯ ಹೆಡ್‌ಮಾಸ್ತರ ಮಲಗೊಂಡ, ವಳಸಂಗದಲ್ಲಿ ನನ್ನ ಕೈಕೆಳಗೆ ಕಲಿತವನು. ಅವನು ಹಳೆಯ ದಾಖಲಾತಿ ಪುಸ್ತಕವನ್ನು ಬಿಚ್ಚಿದ. ನನ್ನ ಹೆಸರಿನೆದುರು ೧೯೦೮, ಜೂನ್ ಒಂದು ಎಂದಿತ್ತು. ಮೇಲಿನವನದೂ ಜೂನ್ ಒಂದು. ಕೆಳಗಿನವನದೂ ಜೂನ್ ಒಂದು.

ಆಶ್ಚರ್ಯಪಡುವ ಹಕ್ಕು ನನಗಿರಲಿಲ್ಲ. ಮಗುವಿನ ಬಲಗೈ ತಲೆಯ ಮೇಲಿನಿಂದ ಹಾಯ್ದು ಎಡಗಿವಿಯನ್ನು ಮುಟ್ಟಿದರೆ ಆರು ವರ್ಷವಾಯಿತೆಂದು ತಿಳಿದು, ಜೂನ್ ಒಂದನ್ನೇ ಜನ್ಮದಿನವೆಂದು ಬರೆಯುವುದು ನಮ್ಮ ಶಾಲೆಗಳ ಪದ್ಧತಿ. ನಾನೂ ಅರ್ಧ ವಳಸಂಗವನ್ನು ಆ ಒಂದೇ ದಿನ ಹುಟ್ಟಿಸಿದ್ದೆ. ಆದರೆ ಜೂನಿನಲ್ಲಿ ನಮ್ಮ ಹೊಲಗಳಲ್ಲಿರುವುದು ಬರಿಯ ಮಣ್ಣು, ಹಾಲುಗಾಳಲ್ಲ. ತಪ್ಪನ್ನು ತೋರಿಸಲು ಬಾಯಿ ತೆರೆದೆ.

“ತಿದ್ದಬ್ಯಾಡ್ರಿ ಗುರುಗಳ,” ಎಂದ ಮಲಗೊಂಡ, ಟಾಕನ್ನು ಮಸಿಯ ದೌತಿಯಲ್ಲಿ ಅದ್ದುತ್ತ. “ನಿಮ್ಮದು ತಪ್ಪಂದ್ರ ನಂದೂ ತಪ್ಪು. ನನ್ನ ನೌಕರಿ, ಪೆನ್ಶನ್ನು ಎಲ್ಲಾ ನೀವು ಕಿವಿ ನೋಡಿ ಬರದ ತಾರೀಖಿನ ಮ್ಯಾಲ ನಿಂತಾವು.”

ಇನ್ನೊಬ್ಬರ ಬರಹದಲ್ಲಿ ತಪ್ಪು ಕಂಡೂ ನಾನು ಸುಮ್ಮನಿದ್ದದ್ದು ಅದೊಂದೇ ಸಲ. ದಾಖಲೆಯ ಪ್ರತಿಯನ್ನು ಏಜೆಂಟರಿಗೆ ಕೊಟ್ಟು ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದ ದಿನಗಳಲ್ಲಿ, ಅಂಗಡಿಯಲ್ಲಿ ಯಾರೂ ಇಲ್ಲದಾಗ ನನ್ನ ಬಲಗೈ ತಾನಾಗಿಯೇ ತಲೆಯ ಮೇಲೆ ಹೋಗುತ್ತಿತ್ತು. ತಲೆನೋವೇ ಎಂದು ಗೌರವ್ವ ಎರಡು ಸಲ ಕೇಳಿದಳು. ಕಿವಿ ಸಲೀಸಾಗಿ ಸಿಗುತ್ತಿತ್ತು. ನನಗೆ ಆರು ವರ್ಷ ತುಂಬಿದ್ದರಲ್ಲಿ ಸಂದೇಹವಿರಲಿಲ್ಲ. ಆದರೆ ನಾನು ಹುಟ್ಟಿದ ದಿನ ಯಾವುದೆಂದು ಅಂತಿಮವಾಗಿ ಇತ್ಯರ್ಥವಾದದ್ದು ಮಾತ್ರ ‘ಏಜ್ ಅಡ್ಮಿಟೆಡ್’ ಎಂದು ಕಂಪನಿಯ ಪತ್ರ ಬಂದ ೧೯೫೪ನೆಯ ಮಾರ್ಚ್ ೧೨, ಶುಕ್ರವಾರ.