ನೀ ಯಾರ ಪೈಕಿ?

ಸೇಡಂನ ನಮ್ಮ ಡಿಗ್ರಿ ಕಾಲೇಜಿಗೆ ಆಪ್ತಸಮಾಲೋಚನಾ ಕೇಂದ್ರ ಮಂಜೂರಾದಾಗ, ಅದನ್ನು ನಡೆಸಲು ನನಗಿಂತ ಯೋಗ್ಯರು ಕಾಗಿಣಾ ನದಿಯ ದಂಡೆಯಲ್ಲೇ ಇಲ್ಲವೆಂದು ನನಗೆ ತಕ್ಷಣ ಹೊಳೆಯಿತು. ಪ್ರಿನ್ಸಿಪಾಲರಿಗೂ ಹೊಳೆಯಿತು, ಉಳಿದವರೆಲ್ಲ ಒಲ್ಲೆ ಎಂದಿದ್ದರು. ಕಲಬುರಗಿಗೆ ಹೋಗಿ ತರಬೇತಿ ಪಡೆದು ಬಂದೆ. ನಾವು ಮಾತು ಕಡಿಮೆ ಮಾಡಬೇಕು, ಹೆಚ್ಚು ಕೇಳಬೇಕು, ಕೇಳಿದ್ದನ್ನು ಗುಟ್ಟಾಗಿಡಬೇಕು. ಇಷ್ಟೇ ತಾನೆ! ಅರ್ಥಶಾಸ್ತ್ರ ಕಲಿಸಿದವನಿಗೆ ಇದೇನು ಮಹಾ?

ಆಟದ ಸಾಮಾನಿನ ಕೋಣೆ ಗುಡಿಸಿ, ಬಾಗಿಲಿಗೆ ಬೋರ್ಡು ತೂಗುಹಾಕಿ, ನೊಣ ಹೊಡೆಯುತ್ತ ಕುಳಿತೆ. ಕೊನೆಗೂ ಒಬ್ಬ ಹುಡುಗ ಇಣುಕಿದ. ನನ್ನ ಸಂಭ್ರಮ ಹೇಳತೀರದು.

"ಬಾ ತಮ್ಮಾ, ಕುಂದ್ರು. ಯಾವೂರು?"

"ಗುಂಡಗುರ್ತಿ ಸರ್. ನಂಗ ರಾತ್ರಿ ನಿದ್ದಿನೇ..."

"ಗುಂಡಗುರ್ತಿಯಾಗ ಯಾರ ಪೈಕಿ?"

ಹುಡುಗ ಅಪ್ಪನ ಹೆಸರು ಹೇಳಿದ. ಅಯ್ಯೋ ದೇವರೇ, ನನ್ನ ಹೆಂಡತಿಯ ಸೋದರಮಾವನ ಬೀಗರು! ನಮ್ಮ ಕಡೆ ಯಾರೇ ಎದುರಿಗೆ ಕುಳಿತರೂ ಅವರ ಸಂಬಂಧದ ಎಳೆ ಹಿಡಿದು ನಮ್ಮ ಮನೆಯವರೆಗೆ ಎಳೆದು ತರದಿದ್ದರೆ ಸಮಾಧಾನವಿಲ್ಲ. ಎಳೆದೆ. ಚಿತ್ತಾಪುರದ ಅತ್ತೆ, ವಾಡಿಯ ದೊಡ್ಡಪ್ಪ, ಚಂದಾಪುರದ ಮದುವೆಯ ಊಟ, ಎಲ್ಲವೂ ಬಂದವು. ನಿದ್ದೆಯ ಮಾತೊಂದೇ ಬರಲಿಲ್ಲ.

"ಫಿಕರ್ ಮಾಡಬ್ಯಾಡ. ಸಂತ್ಯಾಗ ಸಿಕ್ರ ನಿಮ್ಮಪ್ಪಗ ನಾನೇ ಹೇಳ್ತೀನಿ," ಎಂದು ಧೈರ್ಯ ತುಂಬಿದೆ.

ಹುಡುಗ ಎದ್ದು ನಿಂತ. "ಏನಿಲ್ರಿ ಸರ್. ಬಸ್ ಪಾಸ್ ಎಲ್ಲಿ ಕೊಡ್ತಾರ ಅಂತ ಕೇಳಾಕ ಬಂದಿದ್ದೆ."

ಹೆಸರು ಬಿಟ್ಟು ಮಿಕ್ಕಿದ್ದನ್ನು ಮನೆಯಲ್ಲಿ ಹೇಳಿದೆ. ಹೆಂಡತಿ ಸುಧಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಿಮ್ಮ ಮುಂದ ಬಾಯಿ ಬಿಟ್ರ, ಹುಡುಗ್ರು ಮನಿ ಮುಟ್ಟೂಕಿಂತ ಮೊದಲೇ ಸುದ್ದಿ ಮುಟ್ಟಿರ್ತದ. ಯಾರ್ ಬರ್ತಾರ ನಿಮ್ಮ ಕಡಿ?"

ಇದು ಸವಾಲು! ಅವಳದೇ ಹಳೆಯ ಸೀರೆಯೊಂದನ್ನು ಒಯ್ದು ಕೋಣೆಯ ನಡುವೆ ಪರದೆ ಕಟ್ಟಿದೆ. 'ಮುಖ ತೋರಿಸಬೇಕಿಲ್ಲ, ಹೆಸರು ಹೇಳಬೇಕಿಲ್ಲ' ಎಂದು ಬೋರ್ಡಿಗೆ ಸೇರಿಸಿದೆ. ಮರುದಿನವೇ ಪರದೆಯಾಚೆ ಕುರ್ಚಿ ಕಿರುಗುಟ್ಟಿತು. "ನಮಸ್ಕಾರ ಸರ್," ಎಂದಿತು ಒಂದು ಹುಡುಗಿಯ ದನಿ.

"ಯಾ..." ಎಂದವನು ನಾಲಿಗೆ ಕಚ್ಚಿಕೊಂಡೆ. ನಿಜವಾಗಿಯೂ ಕಚ್ಚಿಕೊಂಡೆ, ಎರಡು ದಿನ ಖಾರ ತಿನ್ನಲಾಗಲಿಲ್ಲ.

"ನಾ ಕಾಲೇಜ್ ಬಿಡಬೇಕಂತ ಮಾಡೀನಿ ಸರ್. ಒಬ್ಬ ಸರ್ ಕ್ಲಾಸ್ ಅಂದ್ರ ಕೈಕಾಲು ತಣ್ಣಗ ಆಗ್ತಾವ. ಹಿಂದಿನ ದಿನದಿಂದ್ಲೇ ಊಟ ಸೇರಂಗಿಲ್ಲ."

ನಾನು ಕಿವಿಗೊಟ್ಟು ಕುಳಿತೆ. ತರಬೇತಿಯ ವಿದ್ಯೆ ಎಷ್ಟು ಚಂದ ಫಲ ಕೊಡುತ್ತಿದೆ ಎಂದು ಒಳಗೊಳಗೇ ಕುಣಿಯುತ್ತಿದ್ದೆ.

"ಉತ್ತರ ತಪ್ಪಿದ್ರ ಆ ಸರ್ ಎಬ್ಬಿಸಿ, 'ಯಾರ ಮಗಳು ನೀ?' ಅಂತ ಕೇಳ್ತಾರ. ಎಲ್ಲಾರೂ ತಿರುಗಿ ನೋಡ್ತಾರ. ನಮ್ಮಪ್ಪ ಶಹಾಬಾದದಾಗ ಕಲ್ಲಿನ ಖಣಿಯಾಗ ದುಡೀತಾನ. ತಪ್ಪು ಮಾಡಿದಾಕಿ ನಾನು. ಅವನ ಹೆಸರು ಯಾಕ ಬರಬೇಕು ಸರ್?"

ನನ್ನ ರಕ್ತ ಕುದಿಯಿತು. ಇಂಥವನೂ ಒಬ್ಬ ಮೇಷ್ಟ್ರೇ? ತರಬೇತಿ ಮರೆತು ಮೇಜು ಗುದ್ದಿದೆ.

"ಯಾರಂವ? ಹೆಸರು ಹೇಳು, ನಾ ನೋಡ್ಕೋತೀನಿ."

ಪರದೆಯಾಚೆ ಕುರ್ಚಿ ಮತ್ತೆ ಕಿರುಗುಟ್ಟಿತು.

"ನೀವೇ ಸರ್."

ಫ್ಯಾನಿನ ಗಾಳಿಗೆ ಸೀರೆ ಹಾರಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವಳ ಮುಖ ಕಾಣಬಾರದೆಂದಲ್ಲ, ನನ್ನದು ಕಾಣಬಾರದೆಂದು. ಭಾಳ ನಾಚಿಕೆಯಾಗಿತ್ತು.

"ಕಾಲೇಜ್ ಬಿಡಬ್ಯಾಡವ್ವ," ಎಂದೆ. "ಇನ್ನ ಮ್ಯಾಲ ಕೇಳಂಗಿಲ್ಲ. ಬುಧವಾರ ಕಲಬುರಗಿಯಿಂದ ಒಬ್ರು ಮೇಡಂ ಬರ್ತಾರ, ಈ ಕೆಲಸ ಖರೇನ ಕಲ್ತವರು. ಅವರ ಸಂಗಡನೂ ಮಾತಾಡು."

ಮರುದಿನ ಕ್ಲಾಸಿನಲ್ಲಿ ಒಬ್ಬ ಹುಡುಗಿ ತಪ್ಪು ಉತ್ತರ ಹೇಳಿದಳು. ಪರದೆಯಾಚೆ ಇದ್ದವಳು ಅವಳೋ ಬೇರೆಯವಳೋ, ದೇವರಿಗೇ ಗೊತ್ತು. ಎಲ್ಲರೂ ತಲೆ ತಗ್ಗಿಸಿ ಕಾಯುತ್ತಿದ್ದರು. ಪ್ರಶ್ನೆ ನನ್ನ ಗಂಟಲವರೆಗೆ ಬಂತು. ನುಂಗಿದೆ.

"ಇರ್ಲಿ, ಕುಂದ್ರವ್ವ. ಮತ್ತೊಮ್ಮೆ ಹೇಳಿಕೊಡ್ತೀನಿ."

ಉಸಿರು ಬಿಟ್ಟ ಸದ್ದು ಕೇಳಿಸಿತು. ಒಂದು ಬೆಂಚಿನಿಂದಲ್ಲ, ಇಡೀ ಕ್ಲಾಸಿನಿಂದ. ನನ್ನ ಯೋಗ್ಯತೆ ಇಷ್ಟು ಜನರಿಗೆ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಸಂಜೆ ಸುಧಾ ಚಹಾ ತಂದಿಟ್ಟು ಕುತೂಹಲದಿಂದ ಕುಳಿತಳು.

"ನನ್ ಸೀರಿ ಹಿಂದ ಯಾರರ ಬಂದ್ರೇನು?"

"ಬಂದಿದ್ರು."

"ಯಾರ ಪೈಕಿ?"

"ಗೊತ್ತಿಲ್ಲ. ಕೇಳಲಿಲ್ಲ."

ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದು ಗೊಣಗಿದಳು. "ಬುಧವಾರ ಬರ್ತಾರಂದ್ರಲ್ಲ, ಆ ಮೇಡಂಗ ನೀವೂ ಒಮ್ಮೆ ತೋರಿಸ್ಕೊಂಡು ಬರ್ರಿ."