ಮೂಲೆ ಹರಿದ ಪಾಕೀಟು

ನಗು ಬರುವ ಪ್ರಸಂಗಗಳೆಲ್ಲ ನನಗೆ ಅಳಬೇಕಾದ ಹೊತ್ತು ನೋಡಿಕೊಂಡೇ ಒದಗುತ್ತವೆ. ಅದೇನು ಹಣೆಬರಹವೋ. ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ನಾನು ಕೈಪಂಪು ರಿಪೇರಿ ಮಾಡುವ ಸರ್ಕಾರಿ ಮೆಕ್ಯಾನಿಕ್. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲೂಕುಗಳಲ್ಲಿ ನಾನು ಬಿಚ್ಚಿ ಜೋಡಿಸದ ಪಂಪು ಅಪರೂಪ. ಅದನ್ನು ನೋಡಿ ಮೇಲಿನವರು, ಪೂರ್ವ ಆಫ್ರಿಕಾದ ಒಂದು ಊರಿನಲ್ಲಿ ಹದಿನೆಂಟು ಜನರಿಗೆ ಈ ಕೆಲಸ ಕಲಿಸಿ ಬಾ ಎಂದು ಮೂರು ತಿಂಗಳ ಮಟ್ಟಿಗೆ ಕಳಿಸಿದರು.

ನನಗೆ ಹೋಗುವ ಮನಸ್ಸು ಇರಲಿಲ್ಲ. ದುಂಡಸಿಯ ಮನೆಯಲ್ಲಿ ಅವ್ವ ಉಬ್ಬಸದಿಂದ ಹಾಸಿಗೆ ಹಿಡಿದಿದ್ದಳು. ದಸರಾ ದಾಟಿದರೆ ನೋಡೋಣ ಎಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ದರು. ಅವ್ವ ಮಾತ್ರ, "ನೀ ಇಲ್ಲೆ ಕುಂತ್ರ ನನ್ನ ಉಸಿರು ನೆಟ್ಟಗ ಆಗತೈತೇನು? ನಿನಗ ಪಂಪು ಅಷ್ಟ ರಿಪೇರಿ ಮಾಡಾಕ ಬರ್ತೈತಿ. ಹೋಗಿ ಬಾ" ಎಂದಳು. ಅಕ್ಕ ನೋಡಿಕೊಳ್ಳಲು ಒಪ್ಪಿದಳು. ಏನಾದರೂ ಆದರೆ ಕಾಗದ ಬರೆಸಲು ಹೇಳಿ ಹೊರಟೆ. ಹೋದ ದಿನದಿಂದಲೇ ಆ ಕಾಗದ ಬರುತ್ತದೇನೋ ಎಂದು ಹೆದರುತ್ತ ಕೂತೆ.

೧. ಹದಿನೆಂಟು ಸಲ ಆರಾಮ

ಅಲ್ಲಿ ನನಗೊಬ್ಬ ದುಭಾಷಿ ಇದ್ದ. ಹಿಂದೆ ಗುಜರಾತಿಗಳ ಅಂಗಡಿಯಲ್ಲಿ ದುಡಿದವನು. ಅವನದು ಅಂಗಡಿ ಹಿಂದಿ, ನನ್ನದು ಸವಣೂರಿನ ಉರ್ದು. ಹೇಗೋ ಗಾಡಿ ಸಾಗುತ್ತಿತ್ತು.

ಆ ಊರಿನ ಪದ್ಧತಿ ಹೇಗೆಂದರೆ, ಕೆಲಸಕ್ಕೆ ಕೈ ಹಚ್ಚುವ ಮುಂಚೆ ಒಬ್ಬೊಬ್ಬರೂ ಬಂದು ಕೈ ಹಿಡಿದು ಕುಶಲ ಕೇಳಬೇಕು. ಮನೆ ಹೇಗಿದೆ, ದನಕರು ಹೇಗಿವೆ, ತಾಯಿ ಹೇಗಿದ್ದಾರೆ? ಎಲ್ಲಕ್ಕೂ "ಆರಾಮ" ಎನ್ನಬೇಕು. ಮೊದಲ ದಿನ ಅದು ನನಗೆ ಗೊತ್ತಿರಲಿಲ್ಲ. ಮೊದಲು ಬಂದವನು ಕಲಿಯುವವರಲ್ಲೇ ಹಿರಿಯ, ಎಲ್ಲರೂ ಅಜ್ಜ ಎಂದು ಕರೆಯುತ್ತಿದ್ದವನು. "ತಾಯಿ ಹೇಗಿದ್ದಾರೆ?" ಎಂದ. ನಾನು ಇದ್ದದ್ದನ್ನೇ ಹೇಳಿದೆ: "ಹಾಸಿಗೆ ಹಿಡಿದಿದ್ದಾಳೆ. ಉಳಿಯುವುದು ಕಷ್ಟ."

ಅಜ್ಜ ನನ್ನ ಕೈ ಬಿಡಲಿಲ್ಲ. ಉಳಿದ ಹದಿನೇಳು ಜನರನ್ನೂ ಕರೆದ. ಎಲ್ಲರೂ ನೆಲಕ್ಕೆ ಕೂತು ತಲೆ ತಗ್ಗಿಸಿದರು. ಮಧ್ಯಾಹ್ನದವರೆಗೆ ಪಾಠವಿಲ್ಲ. ಮರುದಿನ ಹದಿನೆಂಟು ಥರದ ಬೇರು, ತೊಗಟೆ ನನ್ನ ಮೇಜಿನ ಮೇಲಿದ್ದವು.

ಮೂರನೆಯ ದಿನದಿಂದ ನಾನೂ "ಆರಾಮ" ಎನ್ನಲು ಕಲಿತೆ. ಹೀಗೆ ಅವ್ವ ಅಲ್ಲಿ ದಿನಕ್ಕೆ ಹದಿನೆಂಟು ಸಲ ಗುಣವಾಗುತ್ತಿದ್ದಳು. ದುಂಡಸಿಯಲ್ಲಿ ಒಂದು ಸಲ ಆಗಿದ್ದರೂ ಸಾಕಿತ್ತು.

೨. ಮೊದಲ ಪಾಠ

ನಮ್ಮ ಕಡೆ ಹೊಸ ಕೆಲಸ ಸುರು ಮಾಡುವಾಗ ಕಾಯಿ ಒಡೆಯದೆ ಸ್ಪ್ಯಾನರ್ ಮುಟ್ಟುವುದಿಲ್ಲ. ಅವ್ವ ಟ್ರಂಕಿನಲ್ಲಿ ಒಂದು ತೆಂಗಿನಕಾಯಿ ಇಟ್ಟಿದ್ದಳು. ಮೊದಲ ಪಂಪಿನ ಮುಂದೆ ಅದನ್ನು ಒಡೆದೆ. ಪಂಪಿಗಾಗಿ ಅಲ್ಲ, ಅವ್ವನಿಗಾಗಿ ಕೈ ಮುಗಿದೆ. ಆಮೇಲೆ ಬೋಲ್ಟು ಬಿಚ್ಚಿ, ವಾಷರ್ ಬದಲಿಸಿ ತೋರಿಸಿದೆ. ಅಕ್ಷರ ಬಂದವರು ಬರೆದುಕೊಂಡರು. ಅಜ್ಜನಂಥ ಏಳೆಂಟು ಜನ, ಹಾಜರಿಗೆ ಹೆಬ್ಬೆಟ್ಟು ಒತ್ತುವವರು, ಕಣ್ಣಲ್ಲೇ ಕಲಿತರು.

ಮರುವಾರ ಇನ್ನೊಂದು ಪಂಪಿನ ಹತ್ತಿರ ಹೋದರೆ ಒಬ್ಬರೂ ಮುಟ್ಟಲೊಲ್ಲರು. ಏನೆಂದು ಕೇಳಿದರೆ ದುಭಾಷಿ ನೋಟ್‌ಬುಕ್ ತೋರಿಸಿದ. ಮೊದಲನೆಯದು: ಕಾಯಿ ಒಡೆಯುವುದು. ಎರಡನೆಯದು: ಬೋಲ್ಟು ಬಿಚ್ಚುವುದು.

"ಮೊದಲನೆಯದು ಬಿಟ್ಟು ಎರಡನೆಯದಕ್ಕೆ ಹೋಗಬೇಡಿ ಎಂದವರು ನೀವೇ ಅಲ್ಲವೇ?" ಎಂದ.

ಎಂದದ್ದು ಹೌದು. ಆದರೆ ಸಮುದ್ರದಿಂದ ಅಷ್ಟು ದೂರದ ಆ ಊರಿನಲ್ಲಿ ಕಾಯಿ ಎಲ್ಲಿಂದ ತರಲಿ? ಅಜ್ಜನೇ ಹೋಗಿ ಒಂದು ಪಪ್ಪಾಯಿ ಕಿತ್ತು ತಂದ. ಭಕ್ತಿಯಿಂದ ಪಂಪಿನ ಬುಡಕ್ಕೆ ಅಪ್ಪಳಿಸಿದ. ತಿಂಗಳ ಕೊನೆಗೆ ನಮ್ಮ ಸ್ಟೋರ್ ನೋಡಿಕೊಳ್ಳುವವನು ಮೇಲಿನ ಆಫೀಸಿಗೆ ಬಿಡಿಭಾಗಗಳ ಪಟ್ಟಿ ಕಳಿಸಿದ: ವಾಷರ್, ಬೋಲ್ಟು, ಗ್ರೀಸ್, ಪಪ್ಪಾಯಿ.

೩. ಐದು ಮೀಸೆ

ದಸರಾ ಕಳೆದು ಬಹಳ ದಿನವಾದರೂ ಊರಿನಿಂದ ಸುದ್ದಿ ಇರಲಿಲ್ಲ. ವಾಪಸು ಹೊರಡಲು ಹತ್ತು ದಿನ ಉಳಿದಾಗ ದುಭಾಷಿ ಒಂದು ಪಾಕೀಟು ತಂದುಕೊಟ್ಟ. ಅದರ ಮೇಲಿನ ಮೂಲೆ ಹರಿದಿತ್ತು.

ಮೂಲೆ ಹರಿದು ಕಳಿಸಿದರೆ ಸಾವಿನ ಸುದ್ದಿ. ನಮ್ಮಲ್ಲಿ ಅಂಥ ಕಾಗದವನ್ನು ಮನೆಯೊಳಗೆ ಒಯ್ಯುವುದಿಲ್ಲ. ಮಕ್ಕಳು ಓದುವುದೂ ಇಲ್ಲ. ನೆರೆಮನೆಯವರು ಯಾರಾದರೂ ಅಂಗಳದಲ್ಲಿ ಓದಿ ಹೇಳುತ್ತಾರೆ. ಅಲ್ಲಿ ಕನ್ನಡ ಓದುವ ನೆರೆಯವನು ಎಲ್ಲಿ ಸಿಗಬೇಕು? ಪಾಕೀಟನ್ನು ಹೊರಗಿನ ಚಪ್ಪರಕ್ಕೆ ಸಿಕ್ಕಿಸಿದೆ. ನಳದ ಕೆಳಗೆ ತಲೆ ಕೊಟ್ಟು ಮಿಂದೆ. ಕನ್ನಡಿ ಮುಂದೆ ನಿಂತು ನನ್ನ ಕೈಯಿಂದಲೇ ಮೀಸೆ ತೆಗೆದೆ. ಬ್ಲೇಡು ಜಾರಿ ತುಟಿ ಕೊಯ್ಯಿತು. ಅವ್ವನ ಬಾಯಲ್ಲಿ ನೀರು ಬಿಡಲಿಕ್ಕೂ ನಾನಿರಲಿಲ್ಲವಲ್ಲ ಎಂದು ಗೊಳೋ ಎಂದು ಅತ್ತೆ.

ಹದಿನೆಂಟು ಜನರೂ ಬಂದು ಸುತ್ತ ಕೂತರು. ಸಾವಿನ ಮನೆಯಲ್ಲಿ ಮಾತಾಡದೆ ಕೂಡುವುದು ಅವರ ಪದ್ಧತಿ. ಅವರ ಮನೆಗಳಿಂದ ಮೆಕ್ಕೆಜೋಳದ ಮುದ್ದೆ, ಕಾಳಿನ ಸಾರು ಬಂತು. ಎರಡನೆಯ ದಿನ ಮೀಸೆ ಇದ್ದ ನಾಲ್ವರು, ಮಾಸ್ತರು ಮಾಡಿದ್ದನ್ನು ಬಿಡಬಾರದು ಎಂದು ತಾವೂ ಬೋಳಿಸಿಕೊಂಡು ಬಂದರು.

ಮೂರನೆಯ ದಿನ ಅಜ್ಜ, ನೆರೆಯವರು ಓದಬೇಕು ಎಂದರೆ ಈಗ ನಾವೇ ನೆರೆಯವರು ಎಂದು ಪಾಕೀಟು ಒಡೆದ. ತನ್ನ ಭಾಷೆಯೇ ಓದಲು ಬಾರದವನು ಕನ್ನಡದ ಮೇಲೆ ಬೆರಳು ಓಡಿಸುತ್ತ ಕೆಳಗಿನವರೆಗೆ ಹೋದ. ಅಲ್ಲಿ ನಿಂತ. ಕಾಗದವನ್ನು ಬೆಳಕಿಗೆ ಹಿಡಿದ.

"ಸಣ್ಣಗಿದೆ, ಇದು ಹೆಂಗಸಿನ ಹೆಬ್ಬೆಟ್ಟು. ನಿಮ್ಮ ಊರಿನಲ್ಲಿ ಸತ್ತವರೂ ಒತ್ತುತ್ತಾರೆಯೇ?" ಎಂದ.

ಕಸಿದುಕೊಂಡು ಓದಿದೆ. ಸಾಲಿ ಮಾಸ್ತರರ ಅಕ್ಷರ, ಅವ್ವನ ಮಾತು. "ದಸರಾ ದಾಟೇನಿ. ಹೊತ್ತಿಗೆ ಸರಿಯಾಗಿ ಉಣ್ಣು. ಮೀಸಿ ಒಂದ ತಗಸಬ್ಯಾಡ, ಮೀಸಿ ಇಲ್ಲದಾವಗ ಯಾರೂ ಅಂಜೂದಿಲ್ಲ. ಮಾಸ್ತರ ತನಗ ತಿಳದಂಗ ಬರದಾರು ಅಂತ ಹೆಬ್ಬಟ್ಟು ಒತ್ತೇನಿ."

ಮೂಲೆ? ಸ್ಟೋರಿನವನು ನೋಡಬನ್ನಿ ಎಂದು ತನ್ನ ಕೋಣೆಗೆ ಕರೆದೊಯ್ದ. ಅವನ ಗೋಡೆಯ ಮೇಲೆ ನಮ್ಮ ದೇಶದ ಸ್ಟಾಂಪು, ಪಾಕೀಟಿನ ಮೂಲೆಯ ಸಮೇತ ಅಂಟಿಕೊಂಡು ಕೂತಿತ್ತು. ಅವ್ವ ಬದುಕಿದ್ದಳು. ಐದು ಮೀಸೆ ಹೋಗಿದ್ದವು.

೪. ಹುಗ್ಗಿ

ಆದರೆ ನಾನು ಓದುವ ಹೊತ್ತಿಗೆ ಆ ಕಾಗದ ಬರೆದು ಇಪ್ಪತ್ತನಾಲ್ಕು ದಿನವಾಗಿತ್ತು. ಬರೆದ ದಿನ ಇದ್ದಳು, ಸರಿ. ಇವತ್ತು? ಅದೇ ಚಿಂತೆಯಲ್ಲಿ ಉಳಿದ ದಿನ ಕಳೆದು, ದೇಶಕ್ಕೆ ಮರಳಿ ಶಿಗ್ಗಾಂವಿಯಿಂದ ದುಂಡಸಿಯ ಬಸ್ಸು ಹತ್ತಿದೆ. ಇಳಿದು ಓಣಿ ತಿರುಗಿದರೆ ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಓಡಿ ಹೋಗಿ ಅವಳ ಕಾಲ ಹತ್ತಿರ ಕೂತೆ.

ಅವ್ವ ಮೀಸೆ ಇನ್ನೂ ಚಿಗುರುತ್ತಿದ್ದ ನನ್ನ ಮೇಲ್ದುಟಿ ನೋಡಿ ಗಾಬರಿಯಾದಳು. "ಯಾರ ಸತ್ರೋ?"

"ನೀನ, ಅವ್ವಾ."

ಎಲ್ಲ ಹೇಳಿದೆ. ಅವ್ವ ಪೂರಾ ಕೇಳಿ, ಉಸಿರು ಎಳೆದುಕೊಂಡು, "ನನ್ನ ಹೆಸರಲೆ ಮಂದಿ ಏನ ಉಂಡ್ರು?" ಎಂದಳು.

"ಮೆಕ್ಕಿಜೋಳದ ಮುದ್ದಿ, ಕಾಳಿನ ಸಾರು."

"ಕಾರ್ಯದ ಗೋದಿ ಹುಗ್ಗಿ ಇಲ್ಲ?"

"ಇಲ್ಲ."

"ಹಂಗಾರ ಅದು ಲೆಕ್ಕಕ್ಕಿಲ್ಲ ಬಿಡು. ಇನ್ನೊಮ್ಮಿ ಸಾಯತೇನಿ."

ಮುಂದಿನ ದಸರಾಕ್ಕೆ ಅವ್ವ ಇರಲಿಲ್ಲ. ನಾನು ಬಾಜೂಕೇ ಕೂತಿದ್ದೆ, ಬಾಯಲ್ಲಿ ನೀರು ಬಿಟ್ಟೆ. ಮೀಸೆ ತೆಗೆಯಲು ಕತ್ತಿ ಹಿಡಿದ ಕ್ಷೌರದವನು, ಹಿಂದಿನ ಕಥೆ ಕೇಳಿದ್ದವನು, ಮೆಲ್ಲಗೆ "ಈ ಸಲ ಖಾತ್ರಿ ಐತೇನ್ರಿ?" ಎಂದ. ನನಗೆ ನಗು ಬಂತು. ಅವನು ಕತ್ತಿ ಹಿಂದಕ್ಕೆ ತೆಗೆದು, ನಾನು ನಕ್ಕು ಅತ್ತು ಮುಗಿಸುವವರೆಗೆ ಕಾದ.

ಕಾರ್ಯದ ದಿನ ಗೋದಿ ಹುಗ್ಗಿ ಮಾಡಿಸಿದೆ. ನಾನೇ ನಿಂತು ತುಪ್ಪ ಬಡಿಸಿದೆ. ಎಲ್ಲ ಮುಗಿದ ಮೇಲೆ ಅಕ್ಕ ಕಣ್ಣು ಒರೆಸಿಕೊಳ್ಳುತ್ತ, "ಹುಗ್ಗಿ ಭಾಳ ಚಲೋ ಆಗಿತ್ತು ತಮ್ಮಾ" ಎಂದಳು.

"ಅದ ತಪ್ಪಾತು ಅಕ್ಕಾ," ಎಂದೆ. "ಕೆಟ್ಟಿದ್ರ ಅವ್ವ ಇನ್ನೊಮ್ಮಿ ಸಾಯಾಕರ ಬರ್ತಿದ್ಲು."